ಆಫೀಸಲ್ಲಿದೆ

ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 9.40. ಮಾತಿನ ಚಿಕಿತ್ಸಕಿ ಹಾಸಿಗೆಯ ಒಂದು ಪಕ್ಕದಲ್ಲಿ ಕುಳಿತು ಚಿತ್ರಗಳಿದ್ದ ಇಪ್ಪತ್ತು ಕಾರ್ಡುಗಳನ್ನು ಜೋಡಿಸಿಕೊಳ್ಳುತ್ತಿದ್ದಳು. ಇನ್ನೊಂದು ಪಕ್ಕದಿಂದ ಮಗಳು ಅಪ್ಪನ ಕಿವಿಗೆ ಬಾಗಿದ್ದಳು.

"ಅಪ್ಪಾ, ಪೇಸ್‌ಮೇಕರ್ ಹಾಕಿದಾಗ ಒಂದು ಕಾರ್ಡು ಕೊಟ್ಟಿದ್ರಲ್ಲ, ಅದನ್ನ ಎಲ್ಲಿಟ್ಟಿದ್ದೀರಾ?"

"ಆಫೀಸಲ್ಲಿದೆ," ಎಂದರು ಅಪ್ಪ. ಎಡಗಡೆಯ ತುಟಿ ಮಾತ್ರ ಅಲುಗಿತು.

"ಚೀಲದಲ್ಲಿಲ್ವಾ? ಪೆಟ್ಟಿಗೇಲಿ? ಫೈಲಲ್ಲಿ? ಸೂಟ್‌ಕೇಸಲ್ಲಿ?" ಒಂದೊಂದಕ್ಕೂ ಅಪ್ಪ ಅಡ್ಡಡ್ಡ ತಲೆಯಾಡಿಸಿದರು. ಕೊನೆಗೆ ರೇಗಿ, ಕಿವುಡರಿಗೆ ಹೇಳುವಂತೆ ಬಿಡಿಸಿ ಹೇಳಿದರು: "ಆ-ಫೀ-ಸು."

ಹಿಂದಿನ ದಿನ ಅವರ ಮೆದುಳಿನ ಒಂದು ರಕ್ತನಾಳ ಕಟ್ಟಿಕೊಂಡಿತ್ತು. ಎಷ್ಟು ಭಾಗಕ್ಕೆ ಪೆಟ್ಟಾಗಿದೆ ಎಂದು ತಿಳಿಯಲು ಎಂ.ಆರ್.ಐ. ಆಗಬೇಕು, ಆದರೆ ಎದೆಯೊಳಗಿನ ಪೇಸ್‌ಮೇಕರ್ ಯಾವ ಮಾದರಿಯದೆಂದು ಆ ಕಾರ್ಡಿನಿಂದ ಗೊತ್ತಾಗದೆ ಅಷ್ಟು ದೊಡ್ಡ ಅಯಸ್ಕಾಂತದೊಳಗೆ ಅವರನ್ನು ಕಳಿಸುವಂತಿಲ್ಲ. ಅದನ್ನು ಕೂರಿಸಿದ ಆಸ್ಪತ್ರೆ ಮುಚ್ಚಿ ಆರು ವರ್ಷ. ಸರದಿ ಮಧ್ಯಾಹ್ನ 2.30ಕ್ಕೆ, ತಪ್ಪಿದರೆ ಶುಕ್ರವಾರ. ಮನೆಯಲ್ಲಿ ಅಮ್ಮ ಬೀರುವನ್ನೆಲ್ಲ ಕೆಳಗೆ ಸುರಿದು, "ಎಲ್ಲೂ ಇಲ್ಲ ಕಣೇ" ಎಂದು ಎರಡು ಸಲ ಫೋನು ಮಾಡಿದ್ದರು.

ಮಗಳು ಬಸ್ಸು ಹಿಡಿದು ಅಪ್ಪ ಮೂವತ್ತೊಂದು ವರ್ಷ ದುಡಿದ ನೀರು ಸರಬರಾಜು ಕಚೇರಿಗೆ ಹೋದಳು. ದಾಖಲೆ ಕೋಣೆಯ ಗುಮಾಸ್ತ ಕನ್ನಡಕವನ್ನು ಹಣೆಗೇರಿಸಿ ಅವಳನ್ನು ನೋಡಿದ. "ಸಾಹೇಬ್ರು ರಿಟೈರಾಗಿ ಎಂಟು ವರ್ಷ ಆಯ್ತಲ್ಲಮ್ಮ. ಅವರ ಮೇಜಿದ್ದ ಜಾಗದಲ್ಲಿ ಈಗ ಲಿಫ್ಟ್ ಓಡಾಡುತ್ತೆ." ಆದರೂ ಎರಡು ಕಪಾಟು ತೆಗೆದು ತೋರಿಸಿದ. ಪೈಪುಗಳ ನಕ್ಷೆ, ಮೀಟರು ಓಡುತ್ತಿಲ್ಲವೆಂಬ ದೂರು, ಯಾರದೋ ಕಡ್ಡಿ ಮುರಿದ ಛತ್ರಿ. ಬಾಗಿಲು ಹಾಕುತ್ತ ಅವನೇ ಗೊಣಗಿದ: "ಆಫೀಸಲ್ಲಿದೆ ಅಂದ್ರಾ? ವಿಚಿತ್ರ. ಕೆಲಸದಲ್ಲಿದ್ದಾಗಲೇ ಅವರು ಒಂದು ಪೆನ್ನನ್ನೂ ಇಲ್ಲಿ ಬಿಟ್ಟು ಹೋದವರಲ್ಲ. ಎಲ್ಲಾನೂ ಜೊತೇಲೇ ಹೊತ್ಕೊಂಡು ಹೋಗೋರು."

ಅವಳು ವಾರ್ಡಿಗೆ ಮರಳಿದಾಗ 12.50. ಅಪ್ಪ ನಿದ್ದೆ ಹೋಗಿದ್ದರು. ಚಿಕಿತ್ಸಕಿ ಅಂಕಪಟ್ಟಿ ಹಿಡಿದು ಅವಳಿಗಾಗಿಯೇ ಕಾಯುತ್ತಿದ್ದಳು. "ಇಪ್ಪತ್ತಕ್ಕೆ ಹದಿನಾರು. ಇಂಥ ಸ್ಥಿತೀಲಿ ವಸ್ತು ಒಂದು, ಬಾಯಿಗೆ ಬರೋ ಪದ ಇನ್ನೊಂದು. ಆಫೀಸು ಅಂದದ್ದೂ ಹಾಗೇ ಇರಬಹುದು. ಅದನ್ನ ನಂಬ್ಕೊಂಡು ಓಡಾಡಬೇಡಿ."

ಮಗಳು ಪಟ್ಟಿಯನ್ನು ತೆಗೆದುಕೊಂಡಳು. ಪೆನ್ಸಿಲಿನಲ್ಲಿ ನಾಲ್ಕು ತಪ್ಪು ಗುರುತು. ಬಾಚಣಿಗೆ ತೋರಿಸಿದಾಗ ಅಪ್ಪ ಹೇಳಿದ್ದು "ರೈಲು". ಏಣಿಗೆ "ನಾಳೆ". ಬೀಗಕ್ಕೆ "ತಣ್ಣಗೆ". ಬ್ರೀಫ್‌ಕೇಸಿಗೆ "ಆಫೀಸು".

"ಈ ಕೊನೇ ಕಾರ್ಡು ಒಂದ್ಸಲ ತೋರಿಸ್ತೀರಾ?"

ಕಂದು ಬಣ್ಣದ ಬ್ರೀಫ್‌ಕೇಸು. ಮೇಲೆ ಹಿಡಿ, ಅದರ ಎರಡು ಕಡೆ ಹಿತ್ತಾಳೆಯ ಎರಡು ಕೊಂಡಿ. ಮಗಳು ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮನೆಗೆ ಫೋನು ಮಾಡಿದಳು.

"ಅಮ್ಮಾ, ಅಪ್ಪನ ಆಫೀಸು ಎಲ್ಲಿದೆ?"

"ಮಂಚದ ಕೆಳಗೆ," ಎಂದರು ಅಮ್ಮ, ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಹೇಳುವಷ್ಟು ಸಲೀಸಾಗಿ. "ಯಾಕೆ?"

ಏನೋ ನೆಲಕ್ಕೆ ಉಜ್ಜಿದ ಸದ್ದು. ಟಕ್, ಟಕ್ ಎಂದು ಎರಡು ಕೊಂಡಿ ತೆರೆದುಕೊಂಡ ಸದ್ದು. "ಸಿಕ್ತು, ಮೇಲ್ಗಡೇನೇ ಇದೆ. ಪಕ್ಕದ ಮನೆಯವರ ಹತ್ರ ಫೋಟೋ ತೆಗೆಸಿ ಕಳಿಸ್ತೀನಿ. ಅಲ್ವೇ, ಆಫೀಸಲ್ಲಿದೆ ಅಂತ ಬೆಳಿಗ್ಗೇನೇ ಹೇಳೋಕೆ ಏನಾಗಿತ್ತು ನಿಂಗೆ? ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು."

"ನಂಗೆ ಮರೆತೇ ಹೋಗಿತ್ತಮ್ಮ."

"ನೀನೇ ಇಟ್ಟ ಹೆಸರು. ಮೂರು ವರ್ಷ ನಿಂಗೆ. ಆಫೀಸಿಗೆ ಹೊರಟೆ ಅಂತ ದಿನಾ ಅದನ್ನೇ ಎತ್ಕೊಳ್ತಿದ್ರಲ್ಲ, ಆಫೀಸು ಅಂದ್ರೆ ಅದೇ ಅನ್ಕೊಂಡಿದ್ದೆ. ಅವರು ಹೊರಡೋ ಹೊತ್ತಿಗೆ ಅದರ ಮೇಲೆ ಹತ್ತಿ ಕೂತು, ಇವತ್ತು ಆಫೀಸು ಮುಚ್ಚಿದೆ ಅಂತಿದ್ದೆ. ಅವತ್ತಿಂದ ನಿಮ್ಮಪ್ಪ ಅದಕ್ಕೆ ಬೇರೆ ಹೆಸರು ಹೇಳಿದ್ದನ್ನ ನಾನು ಕಾಣೆ."

ಫೋನಿನ ಮಾತು ಚಿಕಿತ್ಸಕಿಗೂ ಕೇಳಿಸಿತ್ತು. ಅವಳು ಪಟ್ಟಿಯನ್ನು ವಾಪಸು ತೆಗೆದುಕೊಂಡು, ಜೇಬಿನಿಂದ ರಬ್ಬರು ತೆಗೆದು, ನಾಲ್ಕನೆಯ ತಪ್ಪು ಗುರುತನ್ನು ಅಳಿಸಿದಳು. "ಚೀಲ ಅಂದ್ರೂ ಅಂಕ ಇದೆ, ಪೆಟ್ಟಿಗೆ ಅಂದ್ರೂ ಇದೆ. ಮನೇಲಿ ಹೀಗೇ ಅಂತಿದ್ರೆ ಇದಕ್ಕೂ ಕೊಡಲೇಬೇಕು."

ಮಗಳ ಕಣ್ಣು ಉಳಿದ ಮೂರು ಗುರುತುಗಳ ಮೇಲೆ ಓಡಿತು. ಯಾವುದು ಕಾಯಿಲೆ, ಯಾವುದು ಮನೆಮಾತು ಎಂದು ಈಗ ಅವಳಿಗೆ ಗೊತ್ತಾಗಲಿಲ್ಲ.

"ಅಮ್ಮಾ, ಫೋನ್ ಇಡಬೇಡ. ಬಾಚಣಿಗೆಗೆ ನಾನು ಯಾವತ್ತಾದ್ರೂ ರೈಲು ಅಂತಿದ್ನಾ? ಹಲ್ಲು ಹಲ್ಲು ಸಾಲಾಗಿರುತ್ತಲ್ಲ, ಅದಕ್ಕೆ?"

"ಇಲ್ವಲ್ಲ."

"ಏಣಿಗೆ? ನಾಳೆ ಅಂತ?"

"ಏಣಿ, ಏಣಿ," ಎಂದು ಅಮ್ಮ ತಮಗೆ ತಾವೇ ಹೇಳಿಕೊಂಡರು. ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದರು. "ಏಣಿಗೆ ಏಣಿ ಅಂತಾನೇ ಅಂತಿದ್ವಿ ಮಗಳೇ."

ಬೀಗದ ವಿಷಯ ಮಗಳು ಕೇಳಲಿಲ್ಲ. ಚಿಕಿತ್ಸಕಿ ಪಟ್ಟಿಯ ಕೆಳಗಿನ ಚೌಕದಲ್ಲಿ ಹಳೆಯ ಅಂಕ ಹೊಡೆದುಹಾಕಿ ಹೊಸದನ್ನು ಬರೆದಳು: ಇಪ್ಪತ್ತಕ್ಕೆ ಹದಿನೇಳು.