ಗುರುವಾರದ ಲೋಬಾನ

"ಒಳಗ ಬರ್ರಿ, ಕಾಕಾ," ಎನ್ನುತ್ತ ಜಯಮಾಲಾ ಗಾಜಿನ ಬಾಗಿಲಿಗೆ ಕೈ ಹಚ್ಚಿದಳು. ಪ್ರತಿ ಗುರುವಾರ ಸಂಜೆ ಸೇಡಂ ಪೇಟೆಯ ಅಂಗಡಿಗಳಿಗೆ ಲೋಬಾನದ ಹೊಗೆ ಹಿಡಿಯುವ ಮುದುಕ ಗುಲಾಮ ದಸ್ತಗೀರ, ಕೆಂಡದ ಪಾತ್ರೆ ಹಿಡಿದು ಅವಳ ಹಿಂದೆಯೇ ನಿಂತಿದ್ದ. ಹೊಸ ಮಳಿಗೆ ಶುರುವಾದ ಮೇಲೆ ಇದೇ ಮೊದಲ ಗುರುವಾರ.

ಕಾವಲುಗಾರ ಅಡ್ಡ ಬಂದ. "ಹೊಗಿ ಒಳಗ ನಡಿಯಂಗಿಲ್ರಿ, ಸೈರನ್ ಹೊಡ್ಕೋತದ. ನೀವು ಯಾರ್ರಿ?"

"ಅಂಗಡಿ ನನ್ನ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಗಂಡ ಹೋದ ಮೇಲೆ ತಾನೇ ಕುಳಿತು ಸೀರೆ ಮಾರುತ್ತಿದ್ದ ಅಂಗಡಿಯನ್ನು ಹೋದ ವರ್ಷ ಕೆಡವಿಸಿ, ಈ ಮಳಿಗೆ ಕಟ್ಟಿಸಿ, ದೊಡ್ಡ ಕಂಪನಿಯೊಂದಕ್ಕೆ ಬಾಡಿಗೆಗೆ ಕೊಟ್ಟಿದ್ದಳು. "ದೇಶದಾಗೆಲ್ಲ ಈಗ ಹಿಂಗೇ ನಡದದ. ಕಂಪನಿಗೆ ಕೊಟ್ಟು ಆರಾಮ ಕುಂದ್ರು," ಎಂದಿದ್ದ ಅಣ್ಣ. ಎಲ್ಲಿ ಕೂರಬೇಕೆಂದು ಅವನೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. "ಜಾಗ ನಂದದ," ಎಂದಳು ಕೊನೆಗೆ, ಮೆಲ್ಲಗೆ. ಕಾವಲುಗಾರ ಮರ್ಯಾದೆಯಿಂದ ತಲೆಯಾಡಿಸಿದ. ಬಾಗಿಲು ಮಾತ್ರ ಬಿಡಲಿಲ್ಲ.

ದಸ್ತಗೀರ ಕೆಂಡದ ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು, ಬಗಲಿನ ನವಿಲುಗರಿಯ ಕಟ್ಟನ್ನು ಕೈಗೆ ತೆಗೆದುಕೊಂಡ. ಇಷ್ಟು ವರ್ಷ ಆ ಗರಿಗಳಿಂದ ಅವನು ಅವಳ ಗಲ್ಲಾ ಪೆಟ್ಟಿಗೆಯತ್ತ ಹೊಗೆ ಬೀಸಿದ್ದ. ಅವುಗಳಿಂದ ತಲೆ ಸವರುತ್ತಿದ್ದುದು ದರ್ಗಾದ ಬಾಗಿಲಲ್ಲಿ, ಅದೂ ಜಡ್ಡಿನವರನ್ನು ಕರೆತಂದಾಗ ಮಾತ್ರ.

"ತಲಿ ಬಗ್ಗಸು, ಬೇಟಿ," ಎಂದ.