ಬಾಗಿಲ ಪಕ್ಕದ ಗೋಡೆ

ಗಾಳಿಗೆ ಮರೆಯಾಗಲೆಂದು ರೊಂಡಾ ಗ್ರಿಲ್ ಒಲೆಯನ್ನು ಗೋಡೆಗೆ ಒತ್ತರಿಸಿ ಇಟ್ಟಿದ್ದೇ ತಪ್ಪಾಯಿತು. ಸಾಸೇಜುಗಳು ಬೇಯುವಷ್ಟರಲ್ಲಿ ಮುಂಬಾಗಿಲ ಪಕ್ಕದ ಹೊರಗೋಡೆಗೆ ಹೊದಿಸಿದ್ದ ನಾಲ್ಕು ವಿನೈಲ್ ಪ್ಲಾಸ್ಟಿಕ್ ಪಟ್ಟಿಗಳು ಮೇಣದಂತೆ ಕರಗಿ ಜೋತುಬಿದ್ದವು. ಇಪ್ಪತ್ತು ವರ್ಷ ಬಾಡಿಗೆಯ ಟ್ರೈಲರ್ ಮನೆಗಳಲ್ಲಿ ಬದುಕಿ, ಸ್ಕೂಲ್ ಬಸ್ ಓಡಿಸಿ ಕೊಂಡ ಮನೆ. ಒಳಗೆ ಕಾಲಿಟ್ಟು ತಿಂಗಳೂ ಆಗಿರಲಿಲ್ಲ. ಗುರುವಾರ ವಿಮೆಯವರು ಹೊರಗೋಡೆಗಳ ಫೋಟೋ ತೆಗೆಯಲು ಬರುವವರಿದ್ದರು. ಗೋಡೆ ಕೆಟ್ಟಿದ್ದರೆ ವಿಮೆ ರದ್ದು. ವಿಮೆಯಿಲ್ಲದ ಮನೆಗೆ ಕೊಟ್ಟ ಸಾಲವನ್ನು ಬ್ಯಾಂಕು ಮುಂದುವರಿಸದು.

ಕಟ್ಟಡ ಸಾಮಾನಿನ ಅಂಗಡಿಯವನು ಅವಳು ಒಯ್ದ ಪಟ್ಟಿಯ ಚೂರನ್ನು ತಿರುಗಿಸಿ ನೋಡಿ, ಈ ಬೂದುನೀಲಿ ಬಣ್ಣ ಬರುವುದು ನಿಂತು ಹತ್ತು ವರ್ಷವಾಯಿತು, ಇಡೀ ಗೋಡೆಯನ್ನೇ ಹೊಸದು ಮಾಡಿಸಿ ಎಂದ. ಅದು ಅವಳ ಕೈಯಲ್ಲಿ ಆಗುವ ಮಾತಾಗಿರಲಿಲ್ಲ.

ಬುಧವಾರ ಬಸ್ಸು ನಿಲ್ಲಿಸಿ ಬರುವಾಗ ಪಕ್ಕದ ಮನೆಯ ಆರ್ವಿಡ್ ಅಂಗಳದಲ್ಲಿ ನಿಂತಿದ್ದ. ಮಂಡಿ ಕೈಕೊಡುವವರೆಗೂ ಊರಿನ ಅರ್ಧ ಮನೆಗಳಿಗೆ ಪಟ್ಟಿ ಹೊಡೆದವನು. ಕರಗಿದ ಗೋಡೆಯನ್ನು ಅವನು ನೋಡಲೇ ಇಲ್ಲ. ನೇರ ಹಿತ್ತಿಲಿಗೆ ನಡೆದು, ತುದಿ ಬಾಗಿದ ಒಂದು ಚಪ್ಪಟೆ ಕಬ್ಬಿಣವನ್ನು ಹಿಂಗೋಡೆಯ ಪಟ್ಟಿಗಳ ಸಂದಿಗೆ ಹಾಕಿ ಸರ್ರನೆ ಎಳೆದ. ಪಟ್ಟಿ ಬಿಚ್ಚಿಕೊಂಡಿತು.

"ಇಲ್ಲಿರೋದನ್ನ ಮುಂದಕ್ಕೆ ಹಾಕು. ಇಲ್ಲಿಗೆ ನನ್ನ ಶೆಡ್ಡಲ್ಲಿ ಮಿಕ್ಕಿರೋ ಹಸಿರು ಪಟ್ಟಿ ಇದೆ."

"ಹಸಿರಾ?"

"ಹಿತ್ತಿಲಿಗೆ ಮೊಲ ಬಿಟ್ಟು ಇನ್ಯಾರು ಬರ್ತಾರಮ್ಮ? ಅವಕ್ಕೆ ಹಸಿರು ಕಂಡ್ರೆ ಖುಷಿನೇ."

ಏಪ್ರಿಲ್ ಬಂದರೂ ನಾರ್ತ್ ಡಕೋಟದ ಚಳಿ ಬಿಟ್ಟಿರಲಿಲ್ಲ. ಚಳಿಯಲ್ಲಿ ವಿನೈಲು ಬಾಗಿಸಿದರೆ ಬಿಸ್ಕತ್ತಿನಂತೆ ಮುರಿಯುತ್ತದೆಂದು ಆರ್ವಿಡ್ ತನ್ನ ಮನೆಯಿಂದ ಗುಲಾಬಿ ಬಣ್ಣದ ಹೇರ್ ಡ್ರೈಯರ್ ತಂದು ಒಂದೊಂದು ಪಟ್ಟಿಗೂ ಬಿಸಿಗಾಳಿ ಹಿಡಿದ. ಒಂಟಿಯಾಗಿರುವ ಈ ಬೋಳುತಲೆಯ ಮನುಷ್ಯ ಅದನ್ನು ಯಾಕೆ ಇಟ್ಟುಕೊಂಡಿದ್ದಾನೆಂದು ರೊಂಡಾ ಕೇಳಲಿಲ್ಲ.

ಏಣಿಯೇರುವುದು, ಮೊಳೆ ಹೊಡೆಯುವುದು ಎಲ್ಲ ಅವಳದೇ. ಮುಂಗೋಡೆಯ ನಾಲ್ಕೂ ಪಟ್ಟಿಗಳನ್ನು ಅಲ್ಲಾಡದಂತೆ ಬಿಗಿದು, ಬೆವರೊರೆಸಿಕೊಂಡು ಇಳಿದಳು. ಆರ್ವಿಡ್ ಒಂದನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ ನೋಡಿ, ಮೊಳೆಗಳನ್ನೆಲ್ಲ ಕೀಳು ಎಂದ.

"ಬಿಸಿಲು ಬಿದ್ರೆ ಇದು ಉದ್ದ ಆಗುತ್ತೆ. ಜಾಗ ಇಲ್ದಿದ್ರೆ ಉಬ್ಕೊಂಡು ನಿಲ್ಲುತ್ತೆ. ಗೋಡೆಗೆ ತಗುಲಿ ಹಾಕ್ಬೇಕು, ಕಟ್ಟಿ ಹಾಕ್ಬಾರ್ದು."

ಅವಳ ಕಣ್ಣು ತುಂಬಿ ಬಂತು. ಆದರೂ ಕಿತ್ತಳು. ಪ್ರತಿ ಮೊಳೆಯ ತಲೆಯಡಿ ಒಂದು ನಾಣ್ಯ ತೂರುವಷ್ಟು ಸಂದು ಬಿಟ್ಟು ಮತ್ತೆ ಹೊಡೆದಳು. ಹೊತ್ತು ಮುಳುಗುವ ಮುಂಚೆ ಹಿತ್ತಿಲಿನ ಕೊನೆಯ ಹಸಿರು ಪಟ್ಟಿಯೂ ಟಕ್ಕೆಂದು ಕಚ್ಚಿಕೊಂಡಿತು. ತಳ್ಳಿದರೆ ಅತ್ತಿತ್ತ ಸಲೀಸಾಗಿ ಜಾರಿತು. ಆರ್ವಿಡ್ ಅವಳು ಇಳಿಯುವವರೆಗೂ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ.

ಗುರುವಾರ ಚಳಿ ಒಮ್ಮೆಲೇ ಬಿಟ್ಟು ಬಿಸಿಲು ಚುರುಗುಟ್ಟಿತು. ಪಟ್ಟಿಗಳು ಒಂದೆರಡು ಸಲ ಲಟಲಟ ಎಂದು ಸುಮ್ಮನಾದವು, ಒಂದೂ ಉಬ್ಬಲಿಲ್ಲ. ವಿಮೆಯ ಹುಡುಗ ಮುಂಭಾಗದ ಫೋಟೋ ತೆಗೆದು, ಎಲ್ಲಿಯೂ ಕಣ್ಣು ನಿಲ್ಲಿಸದೆ ಹಿತ್ತಿಲಿಗೆ ಹೋದ. ರೊಂಡಾ ಹಿಂದೆಯೇ ಹೋಗಿ, ಇಲ್ಲಿನ ಪಟ್ಟಿಗಳನ್ನು ಮುಂದಕ್ಕೆ ಹಾಕಿದ್ದನ್ನು ಹೇಳಿದಳು. ಅವನು ಬೂದುನೀಲಿಯ ನಡುವಿನ ಹಸಿರನ್ನು ಬೆರಳಿಂದ ತಟ್ಟಿ ನೋಡಿ, ಗೋಡೆ ಸರಿಯಿದೆಯೆಂದು ಗುರುತು ಹಾಕಿಕೊಂಡ.

"ಬಣ್ಣ ಯಾವ್ದಾದ್ರೂ ನಮಗೇನಿಲ್ಲ ಮೇಡಂ, ತೂತು ಇರಬಾರ್ದು ಅಷ್ಟೇ. ಈ ಹಸಿರನ್ನೇ ಮುಂದೆ ಹಾಕಿದ್ರೂ ನಡೀತಿತ್ತು. ಸುಮ್ನೆ ಎರಡು ಕೆಲ್ಸ ಮಾಡ್ಕೊಂಡ್ರಿ."

"ನೀವು ಒಂದ್ಸಲ ನೋಡಿ ಹೋಗ್ತೀರಪ್ಪ," ಎಂದಳು ರೊಂಡಾ. "ನಾನು ದಿನಾ ಆ ಮುಂಬಾಗಿಲಿಂದ ಮನೆಗೆ ಬರ್ತೀನಿ."