ಕೆಮಿಕಲ್ ಇಲ್ಲದ್ದು

"ಏನ್ ಹಾಕೀದಿ ಬೇ ಇದ್ರಾಗ?" ಗುರುಬಾಯಿ ಲೋಳೆಸರ ಕ್ರೀಮಿನ ಡಬ್ಬಿಯನ್ನು ಅಂಗಡಿಯ ಕಟ್ಟೆಯ ಮೇಲೆ ಕುಕ್ಕಿದಳು. "ನಾಡಿದ್ದು ಮಗಳ ಲಗ್ನ. ಆಕಿ ಮಾರಿ ತುಂಬ ಗುಳ್ಳಿ, ಕೀವು."

ಶಾಂಭವಿ ಮುಚ್ಚಳ ತೆಗೆದಳು. ಹುಳಿ ವಾಸನೆ. ಅಂಚಿಗೆಲ್ಲ ಹಸಿರು ಬೂಷ್ಟು. "ಅಕ್ಕಾ, ನಿಶ್ಚಯ ಆದಾಗ ಒಯ್ದದ್ದಲ್ರಿ ಇದು? ಫ್ರಿಜ್ಜಿನಾಗ ಇಡ್ರಿ, ವಾರದಾಗ ಮುಗಸ್ರಿ ಅಂದಿದ್ನೆಲ್ರಿ."

"ಫ್ರಿಜ್ಜಿನಾಗ ಎಂಜಲ-ಮುಸುರಿ ಇರ್ತದ. ಅರಿಶಿಣದ ದಿನ ಹಚ್ಚೋದಂತ ದೇವರ ಜಗಲಿ ಮ್ಯಾಲ ಇಟ್ಟಿದ್ದೆ. ಮೊನ್ನೆ ತೆಗದ್ರ ಹಸರು ಕಂಡ್ತು. ಲೋಳೆಸರ ಹಸರೇ ಅಲ್ಲೇನು ಅಂತ ಕಲಸಿ ಹಚ್ಚಿದ್ವಿ."

ಗಾಣಗಾಪುರಕ್ಕೆ ಬರುವ ಭಕ್ತರಿಗೆ ಶಾಂಭವಿ ಮೊದಮೊದಲು ಕೆಡದಂತೆ ನಾಲ್ಕು ಹನಿ ಔಷಧ ಬೆರೆಸಿಯೇ ಕ್ರೀಮು ಮಾರುತ್ತಿದ್ದಳು. ಕೇಳಿದವರಿಗೆ ನಿಜ ಹೇಳುತ್ತಿದ್ದಳು. ಕೇಳಿದವರು ಹಾವು ಮುಟ್ಟಿದಂತೆ ಡಬ್ಬಿ ಕೆಳಗಿಟ್ಟು ಹೋಗುತ್ತಿದ್ದರು. ಸಾಕಾಗಿ ಔಷಧ ಬಿಟ್ಟಳು, ಬೇವಿನ ರಸ ಹಾಕಿದಳು, 'ಕೆಮಿಕಲ್ ಇಲ್ಲ' ಎಂದು ಚೀಟಿ ಅಂಟಿಸಿದಳು. ಆಮೇಲೆಯೇ ಅಂಗಡಿ ನಡೆದದ್ದು. ಜನ ಬೇಡಿದ್ದನ್ನೇ ಕೊಟ್ಟಿದ್ದಳು, ಪಾಪ.

"ಕೆಡದಂಗ ಔಷಧ ಏನೂ ಹಾಕಿಲ್ರಿ ಅಕ್ಕಾ. ಹಾಕಿಲ್ಲಂತೇ ಕೆಟ್ಟದ."

"ಇದೆಲ್ಲ ಬೀಗರಿಗಿ ತಿಳೀತದೇನು?" ಗುರುಬಾಯಿಯ ದನಿ ಇಳಿಯಿತು. "ಕೊಳಕೂರಿಂದ ಬಂದು ಕುಂತಾರ. ಹುಡುಗಿಗಿ ಚರ್ಮರೋಗ ಅದ, ಮುಚ್ಚಿಟ್ಟೀರಿ ಅನ್ನಾಕತ್ತಾರ. ನೀ ಬಂದು ಕೆಮಿಕಲ್ ಹಾಕಿದ್ದೆ ಅಂತ ಒಂದ್ ಮಾತು ಹೇಳು. ಅದಾದ್ರ ಅವ್ರು ನಂಬ್ತಾರ."

"ಹೇಳಿದ್ರ ನನ್ನ ಅಂಗಡಿಗಿ ಯಾರ್ ಬರ್ತಾರ್ರಿ?"

ಗುರುಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಶಾಂಭವಿ ಅಂಗಡಿಗೆ ಬೀಗ ಹಾಕಿ ಅವಳ ಹಿಂದೆ ಹೊರಟಳು.

ಬೀಗರ ಮುಂದೆ, ಬಾಗಿಲಲ್ಲಿ ಕೂಡಿದ್ದ ಓಣಿಯವರೆಲ್ಲ ಕೇಳುವಂತೆ, ಮಾಡದ ತಪ್ಪನ್ನು ಒಪ್ಪಿಕೊಂಡಳು. "ಹೌದ್ರಿ, ಕೆಮಿಕಲ್ ಹಾಕಿದ್ದೆ." ಮೊನ್ನೆ ಮೊನ್ನೆ ಅವಳಿಂದಲೇ ಡಬ್ಬಿ ಒಯ್ದಿದ್ದ ಹೆಂಗಸರು ಥೂ ಎಂದು ಮುಖ ತಿರುಗಿಸಿದರು. ಮದುವೆಯೇನೋ ಉಳಿಯಿತು.

ವರನ ತಾಯಿ ಜಯಮಾಲಾಳ ಮುಖ ಈಗ ಸಡಿಲಾಯಿತು. ಸೊಸೆಯಾಗುವವಳನ್ನು ಪಕ್ಕಕ್ಕೆ ಕೂರಿಸಿಕೊಂಡು ತಲೆ ನೇವರಿಸಿದಳು.

"ಇನ್ಮ್ಯಾಗ ಅಂಗಡಿದು ಮುಟ್ಟಬ್ಯಾಡ ಯವ್ವಾ. ನಾನೇ ಕೈಯಾರೆ ಲೋಳೆಸರ ತಿರುವಿ ಮಾಡೀನಿ, ಏನೇನೂ ಹಾಕಿಲ್ಲ. ಹೋದ ದೀಪಾವಳಿಯಿಂದ ನಿನ್ನ ಸಲುವಾಗೇ ಜ್ವಾಕಿ ಮಾಡಿ ಇಟ್ಟೀನಿ."